ನಡುವಾಕಾಶದಲ್ಲಿ ಡ್ರೋನು ಬೀಳುವುದರ ಕಾರಣನಿರ್ಣಯ

ಹವ್ಯಾಸಕ್ಕಾಗಿ ಹಾರಿಸಿದ ಡ್ರೋನು ನಡುವಾಕಾಶದಲ್ಲಿ ಫಕ್ಕನೆ ಬಿದ್ದುಹೋದರೆ, ಅದು ಹಾರಿಸಿದವನ ಕೈತಪ್ಪೆಂದು ನೋಡಿದವರು ತೀರ್ಮಾನಿಸುವುದೇ ವಾಡಿಕೆ. ಈ ತೀರ್ಮಾನವು ಅವಸರದ್ದು. ಇಂಥ ಯಂತ್ರಗಳಲ್ಲಿ ಅನೇಕವು, ನಿಯಂತ್ರಕವು ಬಯಸಿದ ಓರೆಯನ್ನೂ ಯಂತ್ರವು ನಿಜವಾಗಿ ತಾಳಿದ ಓರೆಯನ್ನೂ, ಎತ್ತರವನ್ನೂ, ಬ್ಯಾಟರಿಯ ವೋಲ್ಟೇಜನ್ನೂ ಸೆಕೆಂಡಿಗೆ ಹಲವು ಬಾರಿ ಬರೆದಿಡುವುವು. ಮೊದಲು ಓದತಕ್ಕದ್ದು ಈ ದಾಖಲೆಯನ್ನು.

ನಾಲ್ಕು ಪ್ರೊಪೆಲ್ಲರುಗಳಲ್ಲಿ ಎರಡು ಬಲಕ್ಕೂ ಎರಡು ಎಡಕ್ಕೂ ತಿರುಗುವುದರಿಂದ ಯಂತ್ರದ ಒಡಲು ತಾನೇ ಸುತ್ತದೆ ನಿಲ್ಲುವುದು. ಒಂದು ಮುರಿದರೂ, ಒಂದರ ಮೋಟಾರು ನಿಂತರೂ, ಸಾಮಾನ್ಯವಾಗಿ ಯಂತ್ರವು ಆ ಮೂಲೆಗೆ ವಾಲಿ ಮಗುಚುವುದು. ಆಗ, ಅದುವರೆಗೆ ಜೊತೆಯಾಗಿ ನಡೆದ ಬಯಸಿದ ಓರೆ, ನಿಜವಾದ ಓರೆ ಎಂಬ ಎರಡು ರೇಖೆಗಳು ಒಮ್ಮೆಗೇ ಅಗಲುವುವು. ಬರವಣಿಗೆ ಮಾತ್ರ ನೆಲ ಮುಟ್ಟುವವರೆಗೂ ಸಾಗುವುದು.

ವಿದ್ಯುತ್ತು ಕಡಿದರೆ ನಿಯಂತ್ರಕವೇ ಕಣ್ಣು ಮುಚ್ಚುವುದು. ಯಂತ್ರವು ಇನ್ನೂ 30 ಮೀಟರು ಎತ್ತರದಲ್ಲಿರುವಾಗಲೇ ಬರವಣಿಗೆಯು ತುಂಡಾಗುವುದು. ಬಿದ್ದುದರ ಒಂದಕ್ಷರವೂ ಅದರಲ್ಲಿರದು. ಮುಕ್ಕಾದ ಶಾಸನಗಳನ್ನು ಓದಿ ಬಲ್ಲವರಿಗೆ, ಪಾಠವು ಎಲ್ಲಿ ನಿಂತಿತೆಂಬುದೂ ಸಾಕ್ಷ್ಯವೆಂದು ಹೇಳಬೇಕಾಗಿಲ್ಲ.

ಲಿಥಿಯಂ ಪಾಲಿಮರ್ ಕೋಶವೊಂದು ತುಂಬಿದಾಗ 4.2 ವೋಲ್ಟು ಇರುವುದು. ಹಳೆಯದಾದ ಅಥವಾ ತಣ್ಣಗಾದ ಕೋಶದ ಒಳತಡೆ ಹೆಚ್ಚು. ಆದುದರಿಂದ ಯಂತ್ರವನ್ನು ಥಟ್ಟನೆ ಮೇಲೇರಿಸುವಾಗ ವೋಲ್ಟೇಜು ಕುಸಿದು, ಭಾರ ತಗ್ಗಿದೊಡನೆ ಮತ್ತೆ ಏರುವುದು. ಬಿದ್ದ ಬ್ಯಾಟರಿಯನ್ನು ಮನೆಗೆ ತಂದು ಅಳೆದು, ಕೋಶಕ್ಕೆ 3.7 ವೋಲ್ಟಿದೆಯೆಂದು ಅದನ್ನು ನಿರ್ದೋಷಿಯೆನ್ನುವುದು ಸಲ್ಲದು. ದಾಖಲೆಯ ತುದಿಯ ಸಾಲುಗಳಲ್ಲಿ ವೋಲ್ಟೇಜು ಇಳಿಯುತ್ತ ಬಂದಿದ್ದರೆ ಬ್ಯಾಟರಿಯನ್ನೂ, ನೆಟ್ಟಗಿದ್ದೇ ತುಂಡಾಗಿದ್ದರೆ ಸಡಿಲವಾದ ಕನೆಕ್ಟರನ್ನೋ ಬಿಟ್ಟುಹೋದ ಬೆಸುಗೆಯನ್ನೋ ಶಂಕಿಸತಕ್ಕದ್ದು.