‘ಲಿಮಿಟ್’ ಶಬ್ದಕ್ಕೊಂದು ಮೇರೆ ಬೇಡವೇ?

ಚಿತ್ತಾಪುರ ತಾಲೂಕಿನ ವೃದ್ಧ ರೈತನೊಬ್ಬನು ಈಚೆಗೆ ಕಚೇರಿಯ ಕಾಗದವೊಂದನ್ನು ಹಿಡಿದು ನಮ್ಮಲ್ಲಿಗೆ ಬಂದಿದ್ದನು. ಹೊಲದ ತಕರಾರಿನಲ್ಲಿ ಅವನಿಗೆ ಪ್ರತಿಕೂಲವಾದ ಆಜ್ಞೆಯಾಗಿ, ಮೇಲರ್ಜಿಯನ್ನು ‘ಲಿಮಿಟ್ಟಿನೊಳಗೆ’ ಸಲ್ಲಿಸತಕ್ಕದ್ದೆಂದು ಅದರಲ್ಲಿ ಬರೆದಿದ್ದಿತು. ಲಿಮಿಟ್ಟೆಂದರೆ ಹೊಲದ ಮೇರೆಯೆಂದು ತಿಳಿದು, ಮೋಜಣಿದಾರನು ಬಂದು ಕಲ್ಲು ನೆಡುವನೆಂದು ಆತನು ಕಾದು ಕುಳಿತನು. ಅಷ್ಟರಲ್ಲಿ ಮೇಲರ್ಜಿಯ ದಿನಗಳು ತೀರಿಹೋದವು.

ಆ ಮುದುಕನನ್ನು ಅಜ್ಞನೆಂದು ನಗುವವರು ನಿಘಂಟನ್ನು ತೆರೆದು ನೋಡಲಿ. ಈ ಇಂಗ್ಲಿಷ್ ಶಬ್ದವು ಲ್ಯಾಟಿನ್ ಭಾಷೆಯ ‘ಲೀಮೆಸ್’ ಎಂಬುದರಿಂದ ಬಂದಿದೆ. ಹೊಲಹೊಲಗಳ ನಡುವಣ ಬದುವಿನ ದಾರಿಯೆಂದೇ ಅದರ ಮೊದಲಿನ ಅರ್ಥ. ರೈತನು ಹಿಡಿದದ್ದು ಮೂಲಾರ್ಥವನ್ನೇ. ಕಚೇರಿಯು ಹೇಳಬಯಸಿದ್ದು ಬೇರೊಂದನ್ನು.

ಇಂಗ್ಲಿಷಿನವರು ಒಂದೇ ಶಬ್ದದಿಂದ ಹಲವು ಊಳಿಗಗಳನ್ನು ಮಾಡಿಸುತ್ತಾರೆ. ನಮ್ಮಲ್ಲಿ ಒಂದೊಂದಕ್ಕೂ ಬೇರೆ ಬೇರೆ ಶಬ್ದಗಳಿವೆ. ಹೊಲಕ್ಕೆ ಬದು, ಮೇರೆ, ಊರಿಗೆ ಎಲ್ಲೆ, ರಾಜ್ಯಕ್ಕೆ ಗಡಿ, ವೇಗಕ್ಕೂ ವೆಚ್ಚಕ್ಕೂ ಮಿತಿ, ಕಾಲಕ್ಕೆ ಅವಧಿ, ವಾಯಿದೆ. 2011ರಲ್ಲಿ ವನ್ಯಜೀವಿಧಾಮವೆಂದು ಸಾರಲ್ಪಟ್ಟ ಚಿಂಚೋಳಿಯ ಕಾಡಿನಲ್ಲಿ ದನಗಾಹಿಯು ಅರಿಯಬೇಕಾದುದು ಎಲ್ಲೆಯನ್ನು. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ಬಂದು ಮುಂಬಯಿ-ಮದರಾಸು ಮಾರ್ಗವನ್ನು ಕೂಡಿದ ವಾಡಿಯು ಅಂದು ಎರಡು ರೈಲ್ವೆ ಆಡಳಿತಗಳ ಹದ್ದಾಗಿದ್ದಿತು. ಈ ‘ಹದ್ದು’ ಅರಬ್ಬೀ ಮೂಲದ್ದಾದರೂ ನಮ್ಮದಾಗಿಹೋಗಿದೆ. ಹದ್ದುಬಸ್ತಿನ ಅರ್ಜಿಯೆಂದರೆ ಓದಲಾರದವನೂ ಬಲ್ಲನು.

ಇನ್ನು ವಾಡಿ, ಶಹಾಬಾದ, ಸೇಡಂ ಸೀಮೆಯಲ್ಲಿ ಸುಣ್ಣಗಲ್ಲು ಅಗೆದು ಸಿಮೆಂಟು ಮಾಡುವ ಕಂಪನಿಗಳ ಫಲಕಗಳಲ್ಲಿ ಕಾಣುವ ‘ಲಿಮಿಟೆಡ್’. ಯಾವುದಕ್ಕೆ ಮಿತಿ? ಅಗೆತಕ್ಕೂ ಅಲ್ಲ, ಲಾಭಕ್ಕೂ ಅಲ್ಲ, ಪಾಲುದಾರನ ಹೊಣೆಗೆ. ಕಂಪನಿಯು ಮುಳುಗಿದರೆ ಅವನು ತೆರಬೇಕಾದುದು ಪಾಲಿನಲ್ಲಿ ತುಂಬದೆ ಉಳಿದ ಹಣವನ್ನಷ್ಟೆ. ಅವನ ಮನೆಮಠಗಳಿಗೆ ಕೈಯಿಡುವಂತಿಲ್ಲ. ಈ ರಕ್ಷಣೆಯು ಇಂಗ್ಲೆಂಡಿನಲ್ಲಿ 1855ರಲ್ಲಿಯೂ ಹಿಂದುಸ್ಥಾನದಲ್ಲಿ 1857ರಲ್ಲಿಯೂ ಕಾಯಿದೆಯಾಗಿ ಬಂದಿತು. ನಮ್ಮ ಸಹಕಾರಿ ಸಂಘಗಳು ಇದನ್ನು ‘ನಿಯಮಿತ’ವೆಂದು ಬರೆಯುತ್ತವೆ. ಕಟ್ಟುಪಾಡಿಗೊಳಪಟ್ಟದ್ದೆಂದು ಅದರಿಂದ ತೋರುವುದೇ ಹೊರತು ಹೊಣೆಯ ಮಾತು ಹೊಳೆಯದು. ‘ಪರಿಮಿತ ಹೊಣೆ’ ಎಂದರೆ ಸಾಮಾನ್ಯನಿಗೂ ತಿಳಿದೀತು.

ಕನ್ನಡದಲ್ಲಿ ಇಂಥ ಶಬ್ದಗಳಿಗೆ ಬಡತನವೆಂಬವರು ಸೇಡಂ ತಾಲೂಕಿನ ಮಳಖೇಡಕ್ಕೆ ಒಮ್ಮೆ ಹೋಗಿಬರಲಿ. ಕಾಗಿಣಾ ತೀರದ ಆ ಊರೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡಿನ ಎಲ್ಲೆಯನ್ನು ಕನ್ನಡದಲ್ಲಿಯೇ ಹೇಳಿತು. ನಾಡಿನ ಎಲ್ಲೆಯನ್ನೇ ಹೇಳಬಲ್ಲ ಭಾಷೆಯು ಮೇಲರ್ಜಿಯ ಕೊನೆಯ ದಿನವನ್ನು ಹೇಳಲಾರದೇ?

ರಾಜ್ಯದ ಆಡಳಿತ ಭಾಷೆ ಕನ್ನಡವೆಂದು 1963ರಲ್ಲಿ ಕಾಯಿದೆಯಾಯಿತು. ಅದೇ ವರ್ಷದ ಕಾಲಮಿತಿ ಕಾಯಿದೆಯ 5ನೆಯ ಕಲಮು, ಸಾಕಷ್ಟು ಕಾರಣವಿದ್ದಲ್ಲಿ ಮೇಲರ್ಜಿಯ ವಿಳಂಬವನ್ನು ಮನ್ನಿಸಲು ಎಡೆಗೊಡುತ್ತದೆ. ಆ ಆಧಾರದಿಂದ ಬಿನ್ನಹ ಮಾಡಿಕೊಳ್ಳಲು ರೈತನಿಗೆ ವಕೀಲರನ್ನು ತೋರಿಸಿದ್ದೇವೆ. ಆದರೆ ಮನ್ನಣೆಯು ಹಕ್ಕಲ್ಲ, ಕೃಪೆ. ಅಧಿಕಾರಿ ಮಹಾಶಯರಲ್ಲಿ ನಮ್ಮ ಪ್ರಾರ್ಥನೆ ಇಷ್ಟೆ: ‘ಲಿಮಿಟ್ಟಿನೊಳಗೆ’ ಎಂದು ಬರೆಯುವ ಕಡೆ, ‘ಇಂಥ ತಾರೀಖಿನ ಒಳಗೆ’ ಎಂದು ಬರೆಯಿರಿ. ಇದರಿಂದ ಸರಕಾರಕ್ಕೆ ಒಂದು ಕಾಸಿನ ವೆಚ್ಚವೂ ಇಲ್ಲ. ಬಡವನಿಗಾದರೋ ಹೊಲ ಉಳಿಯುವುದು.