ಪಂಢರಪುರದ ವಿಠ್ಠಲ ದರ್ಶನ



ಸೋಲಾಪುರ ಜಿಲ್ಲೆಯಲ್ಲಿ ಭೀಮಾನದಿಯ ದಂಡೆಯ ಮೇಲೆ ಪಂಢರಪುರವೆಂಬ ಪುಣ್ಯಕ್ಷೇತ್ರವಿದೆ. ನದಿಯು ಇಲ್ಲಿ ಅರ್ಧಚಂದ್ರಾಕಾರವಾಗಿ ಬಾಗಿ ಹರಿಯುವುದರಿಂದ ಅದನ್ನು ಚಂದ್ರಭಾಗೆಯೆಂದು ಕರೆಯುತ್ತಾರೆ. ಮುಂಬಯಿಯಲ್ಲಿ ನೆಲಸಿ ಕನ್ನಡ ಓದುತ್ತಿರುವ ನಮಗೆ ಇದು ಪರನಾಡಿನ ಕ್ಷೇತ್ರವೆಂದು ತೋರಬಹುದು. ಆ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಯಾತ್ರಿಕರಾಗಿ ಅಲ್ಲಿಗೆ ಹೋಗಿಯೇ ತಿಳಿಯೋಣ.

ಆಷಾಢ ಮತ್ತು ಕಾರ್ತಿಕ ಶುದ್ಧ ಏಕಾದಶಿಗಳಂದು ಇಲ್ಲಿ ಮಹಾಯಾತ್ರೆ ನೆರೆಯುತ್ತದೆ. ಆಷಾಢದಲ್ಲಿ ಆಳಂದಿಯಿಂದ ಜ್ಞಾನೇಶ್ವರರ ಪಾಲಖಿಯೂ ದೇಹುವಿನಿಂದ ತುಕಾರಾಮರ ಪಾಲಖಿಯೂ ಹೊರಟು, ಸುಮಾರು ಮೂರು ವಾರ ಕಾಲ್ನಡಿಗೆಯಲ್ಲಿ ಸಾಗಿ ಬರುತ್ತವೆ. ಕೊರಳಲ್ಲಿ ತುಲಸೀಮಾಲೆ ಧರಿಸಿ, ತಾಳ ಹಿಡಿದು, ಅಭಂಗಗಳನ್ನು ಹಾಡುತ್ತ ನಡೆಯುವ ಈ ಭಕ್ತರಿಗೆ ವಾರಕರಿಗಳೆಂದು ಹೆಸರು.

ಯಾತ್ರಿಕನು ಮೊದಲು ಚಂದ್ರಭಾಗೆಯಲ್ಲಿ ಮಿಂದು, ನದಿಯ ಮರಳಿನಲ್ಲಿರುವ ಪುಂಡಲೀಕನ ಗುಡಿಗೆ ನಮಸ್ಕರಿಸುತ್ತಾನೆ. ತಂದೆತಾಯಿಗಳ ಸೇವೆಯಲ್ಲಿದ್ದ ಪುಂಡಲೀಕನು, ಬಾಗಿಲಿಗೆ ಬಂದ ದೇವರತ್ತ ಒಂದು ಇಟ್ಟಿಗೆಯನ್ನು ಎಸೆದು, ಅದರ ಮೇಲೆ ನಿಂತು ಕಾಯುವಂತೆ ಹೇಳಿದನಂತೆ. ಸೊಂಟದ ಮೇಲೆ ಕೈಯಿಟ್ಟು ದೇವರು ಇಂದಿಗೂ ಇಟ್ಟಿಗೆಯ ಮೇಲೆ ನಿಂತಿದ್ದಾನೆ. ಅನೇಕ ದೇವಾಲಯಗಳಲ್ಲಿ ಭಕ್ತರು ಗರ್ಭಗುಡಿಯ ಹೊರಗೇ ನಿಲ್ಲಬೇಕು. ಇಲ್ಲಿಯಾದರೋ ಒಳಗೆ ಹೋಗಿ ದೇವರ ಪಾದಕ್ಕೆ ಹಣೆಯಿಟ್ಟು ವಂದಿಸುವುದೇ ಪದ್ಧತಿ.

ಕನ್ನಡಕ್ಕೂ ಈ ದೇವರಿಗೂ ಇರುವ ನಂಟು ಬಹು ಹಳೆಯದು. ಹೊಯ್ಸಳ ದೊರೆ ಸೋಮೇಶ್ವರನು ಈ ದೇವರಿಗೆ ಗ್ರಾಮವೊಂದನ್ನು ದಾನವಿತ್ತ ಸಂಗತಿಯನ್ನು 1237ರ ಶಿಲಾಶಾಸನವು ತಿಳಿಸುತ್ತದೆ. ಜ್ಞಾನೇಶ್ವರರು ಅಭಂಗವೊಂದರಲ್ಲಿ ವಿಠ್ಠಲನನ್ನು ಕರ್ನಾಟಕದವನೆಂದೇ ಕರೆದಿದ್ದಾರೆ. ಪುರಂದರ ವಿಠ್ಠಲ, ವಿಜಯ ವಿಠ್ಠಲ, ಗೋಪಾಲ ವಿಠ್ಠಲ ಎಂಬ ನಮ್ಮ ದಾಸರ ಅಂಕಿತಗಳಲ್ಲಿಯೂ ಇದೇ ಹೆಸರು ನೆಲೆಸಿದೆ. ದೇವರ ಕಡಗ ಕದ್ದರೆಂಬ ಅಪವಾದಕ್ಕೆ ಗುರಿಯಾದ ಪುರಂದರದಾಸರನ್ನು ಇಲ್ಲಿನ ಕಂಬವೊಂದಕ್ಕೆ ಕಟ್ಟಿ ಥಳಿಸಿದರೆಂಬುದು ದಾಸಪರಂಪರೆಯ ಕಥೆ.

ಆದರೆ ಯಾತ್ರಿಕನು ನಿಂತು ಯೋಚಿಸಬೇಕಾದ ಸ್ಥಳ ಮಹಾದ್ವಾರವೇ ಆಗಿದೆ. ಒಳಬರುವ ಭಕ್ತರ ಪಾದಧೂಳಿ ತನಗೆ ಸೋಕಲೆಂದು ಸಂತ ನಾಮದೇವರು ಬಯಸಿದ ಮೆಟ್ಟಿಲು ಇಲ್ಲಿಯೇ ಇದೆ. ಅದರೆದುರಿಗೆ ಚೋಖಾಮೇಳರ ಸಮಾಧಿಯಿದೆ. ಬಸವಣ್ಣನವರು ಕರಣಿಕರಾಗಿದ್ದ ಸಮೀಪದ ಮಂಗಳವೇಢೆಯಲ್ಲಿ ಗೋಡೆ ಕುಸಿದು ಚೋಖಾಮೇಳರು ಮಡಿದರೆಂದೂ, ಅವರ ಅಸ್ಥಿಗಳಿಂದ ವಿಠ್ಠಲನಾಮವು ಕೇಳಿಬಂದುದರಿಂದ ನಾಮದೇವರು ಗುರುತಿಸಿ ತಂದರೆಂದೂ ಪ್ರತೀತಿಯಿದೆ. ಅಂಥ ಭಕ್ತರೂ ಮಹಾರ ಜಾತಿಯಲ್ಲಿ ಹುಟ್ಟಿದ ಕಾರಣದಿಂದ ಬದುಕಿರುವಾಗ ಒಳಗೆ ಹೋಗುವಂತಿರಲಿಲ್ಲ. ದೇವರ ಪಾದವನ್ನು ಎಲ್ಲರೂ ಮುಟ್ಟಬಹುದೆಂಬ ಕ್ಷೇತ್ರದಲ್ಲಿ ಬಾಗಿಲು ಮಾತ್ರ ಎಲ್ಲರಿಗೂ ತೆರೆದಿರಲಿಲ್ಲ! ಶಾಲಾ ಶಿಕ್ಷಕರಾಗಿದ್ದ ಸಾನೆ ಗುರೂಜಿಯವರು 1947ರ ಮೇ ತಿಂಗಳಲ್ಲಿ ಇಲ್ಲಿ ಉಪವಾಸ ಕೈಗೊಂಡರು. ಆ ಬಳಿಕವೇ ದೇವಾಲಯವು ಅಸ್ಪೃಶ್ಯರೆನಿಸಿದವರಿಗೂ ತೆರೆಯಿತು. ಅವರು ಬರೆದ ‘ಶ್ಯಾಮಚಿ ಆಯಿ’ ಪುಸ್ತಕವನ್ನು ನಿಮ್ಮ ನೆರೆಮನೆಯ ಮರಾಠಿ ಗೆಳೆಯರು ಓದಿರಬಹುದು.

ಹೋಗುವುದು ಕಷ್ಟವೇನಲ್ಲ. ಹಿಂದೆ ಕುರ್ಡುವಾಡಿಯಿಂದ ಸಣ್ಣ ಗಾಡಿಯಲ್ಲಿ ಹೋಗಬೇಕಾಗಿತ್ತು. ಈಗ ಅಲ್ಲಿ ದೊಡ್ಡ ಹಳಿಗಳೇ ಬಂದಿವೆ. ಏಕಾದಶಿಯ ನೂಕುನುಗ್ಗಲಿನಲ್ಲಿ ಮಕ್ಕಳಿಗೆ ಪ್ರಯಾಸವಾಗುವುದರಿಂದ ಬೇರೆ ದಿನಗಳಲ್ಲಿ ಹೋಗುವುದು ಲೇಸು. ಸಾಲಿನಲ್ಲಿ ತಾಳ್ಮೆಯಿಂದ ನಿಲ್ಲಬೇಕು. ನದಿಯಲ್ಲಿ ಕಸ ಎಸೆಯಬಾರದು.

ವಾರಕರಿಗಳಲ್ಲಿ ಒಬ್ಬರ ಕಾಲಿಗೆ ಇನ್ನೊಬ್ಬರು ಎರಗುವ ರೂಢಿಯಿದೆ. ಹಿರಿಯರು ಕಿರಿಯರ ಕಾಲಿಗೂ ಎರಗುತ್ತಾರೆ. ನಿಮಗೂ ಯಾರಾದರೂ ಹಾಗೆ ನಮಸ್ಕರಿಸಿದರೆ ಸಂಕೋಚದಿಂದ ಹಿಂಜರಿಯದೆ ನೀವೂ ಬಾಗಿರಿ. ಆಗ ಅವರ ಭಾಷೆಯನ್ನಾಗಲಿ ಜಾತಿಯನ್ನಾಗಲಿ ಕೇಳುವ ಅಗತ್ಯ ನಮಗೆ ಉಂಟೇ?