ವಿಂಡೋಸ್ ತೆರೆದುಕೊಂಡರೆ ಸಾಲದು

ಓವರ್‌ಕ್ಲಾಕ್ ಮಾಡುವವರ, ಅಂದರೆ ಚಿಪ್ಪನ್ನು ನಿಗದಿತ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವವರ, ಅಚ್ಚುಮೆಚ್ಚಿನ ಚಿಪ್‌ಗಳಲ್ಲಿ ಇಂಟೆಲ್ 2007ರಲ್ಲಿ ತಂದ, ನಾಲ್ಕು ಕೋರ್‌ಗಳ ಕೋರ್ 2 ಕ್ವಾಡ್ ಕ್ಯೂ6600 ಒಂದಾಗಿತ್ತು. ಅದರ ಮೂಲ ವೇಗ 2.4 ಗಿಗಾಹರ್ಟ್ಸ್. 266 ಮೆಗಾಹರ್ಟ್ಸ್‌ನ ಬಸ್ ಗಡಿಯಾರವನ್ನು 9ರಿಂದ ಗುಣಿಸಿದರೆ ಬರುವ ಸಂಖ್ಯೆ ಅದು. 9ನ್ನು ಹೆಚ್ಚಿಸಲು ಬಾರದಂತೆ ಬೀಗ ಹಾಕಿದ್ದಾರೆ. ಆದರೆ ಕಂಪ್ಯೂಟರಿನ ಬಯಾಸ್ ಸೆಟ್ಟಿಂಗ್‌ಗಳಿಗೆ ಹೋಗಿ 266ನ್ನು 333 ಮಾಡಿದರೆ ಚಿಪ್ 3 ಗಿಗಾಹರ್ಟ್ಸ್‌ನಲ್ಲಿ ಓಡುತ್ತದೆ. ಕೆಲಸ ಇಷ್ಟು ಸುಲಭವಾದ್ದರಿಂದಲೇ ತಪ್ಪು ತಿಳುವಳಿಕೆಗಳೂ ಸುಲಭವಾಗಿ ಹಬ್ಬಿವೆ.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು, ವಿಂಡೋಸ್ ತೆರೆದುಕೊಂಡು ಒಂದೆರಡು ಗೇಮ್ ಆಡಲು ಬಂದರೆ ಓವರ್‌ಕ್ಲಾಕ್ ಗೆದ್ದಂತೆ ಎಂಬ ನಂಬಿಕೆ. ಪ್ರೊಸೆಸರ್ ಮಿತಿ ಮೀರಿದಾಗ ನೀಲಿ ಪರದೆ ಬಂದೇ ಬರುತ್ತದೆ ಎಂದೇನಿಲ್ಲ. ಸಂಕೇತಗಳು ಹೊತ್ತಿಗೆ ಸರಿಯಾಗಿ ತಲುಪದೆ ಎಲ್ಲೋ ಒಂದು ಲೆಕ್ಕ ತಪ್ಪುತ್ತದೆ, ಕಂಪ್ಯೂಟರ್ ಮಾತ್ರ ಏನೂ ಆಗದಂತೆ ಮುಂದುವರಿಯುತ್ತದೆ. ಆ ತಪ್ಪು ಉತ್ತರ ನೀವು ಉಳಿಸಿದ ಜಿಪ್ ಫೈಲಿನೊಳಗೆ ಸೇರಿದರೆ, ತಿಂಗಳುಗಳ ನಂತರ ಆ ಜಿಪ್ ಫೈಲ್ ಬಿಚ್ಚಿಕೊಳ್ಳದಿದ್ದಾಗಲೇ ಗೊತ್ತಾಗುವುದು. ಹಾಗಾಗಿ ಸ್ಥಿರತೆ ಅಂದರೆ ಕಂಪ್ಯೂಟರ್ ನಿಲ್ಲದೆ ಓಡುವುದಷ್ಟೇ ಅಲ್ಲ, ಮಾಡಿದ ಪ್ರತಿ ಲೆಕ್ಕವೂ ಸರಿಯಾಗಿರುವುದು.

ಪ್ರೈಮ್95 ತಂತ್ರಾಂಶದ ಬೆಲೆ ಇರುವುದು ಇಲ್ಲಿಯೇ. ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಜಾರ್ಜ್ ವೋಲ್ಟ್‌ಮನ್ ಬರೆದ ಇದು ಪ್ರೊಸೆಸರನ್ನು ಬಿಸಿ ಮಾಡಿ ಬಿಡುವುದಷ್ಟೇ ಅಲ್ಲ, ಬಂದ ಉತ್ತರವನ್ನು ಮೊದಲೇ ಗೊತ್ತಿರುವ ಉತ್ತರದೊಂದಿಗೆ ಹೋಲಿಸುತ್ತದೆ. ನಾಲ್ಕು ಕೋರ್‌ಗಳಿಗೂ ಬೇರೆ ಬೇರೆಯಾಗಿ ಕೆಲಸ ಹಚ್ಚುತ್ತದೆ. ಮೂರು ಕೋರ್‌ಗಳು ಗಂಟೆಗಟ್ಟಲೆ ಸರಿಯಾಗಿ ಓಡಿ, ನಾಲ್ಕನೆಯದು ತಪ್ಪು ಉತ್ತರ ಕೊಟ್ಟು ನಿಂತರೆ ಆ ವೇಗ ನಿಮ್ಮ ಚಿಪ್‌ಗೆ ಒಗ್ಗುವುದಿಲ್ಲ ಎಂದೇ ಅರ್ಥ. ಎಲ್ಲಕ್ಕಿಂತ ದುರ್ಬಲ ಕೋರ್ ತಡೆದುಕೊಳ್ಳುವಷ್ಟೇ ಇಡೀ ಚಿಪ್‌ನ ಮಿತಿ.

ಹತ್ತು ನಿಮಿಷ ಓಡಿಸಿ ನಿಲ್ಲಿಸುವವರೂ ಇದ್ದಾರೆ. ಹೀಟ್‌ಸಿಂಕ್ ಮತ್ತು ಕ್ಯಾಬಿನೆಟ್ ಒಳಗಿನ ಗಾಳಿ ಪೂರ್ತಿ ಕಾಯಲು ಅಷ್ಟು ಹೊತ್ತು ಸಾಲದೇ ಹೋಗಬಹುದು. ರಾತ್ರಿಯಿಡೀ ಓಡಿಸುವುದು ಒಳ್ಳೆಯದು. ಬೇಸಿಗೆ ಬಂದಾಗ ಮತ್ತೊಮ್ಮೆ ಓಡಿಸಬೇಕು.

ಓವರ್‌ಕ್ಲಾಕ್ ಮಾಡಿದರೆ ಚಿಪ್ ಸುಟ್ಟೇ ಹೋಗುತ್ತದೆ ಎಂಬ ಹೆದರಿಕೆಯೂ ಅರ್ಧ ಸತ್ಯ. ಅತಿಯಾಗಿ ಬಿಸಿಯಾದರೆ ಈ ಚಿಪ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ನಿಜವಾಗಿ ಹೆದರಬೇಕಾದದ್ದು ಹೆಚ್ಚಿನ ವೇಗ ತಡೆದುಕೊಳ್ಳಲೆಂದು ಏರಿಸುವ ವೋಲ್ಟೇಜ್‌ಗೆ. ಚಿಪ್ ದುಡಿಯುವಾಗ ಎಳೆಯುವ ವಿದ್ಯುತ್ತು ವೇಗ ಹೆಚ್ಚಿದಷ್ಟೇ ಹೆಚ್ಚಿದರೆ, ವೋಲ್ಟೇಜ್ ಹೆಚ್ಚಿದಾಗ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗವನ್ನು ಶೇ. 25 ಏರಿಸಿ, ವೋಲ್ಟೇಜನ್ನು 1.25ರಿಂದ 1.35ಕ್ಕೆ ಒಯ್ದರೆ ಸುಮಾರು ಶೇ. 46ರಷ್ಟು ಹೆಚ್ಚು ವಿದ್ಯುತ್ತು ಬೇಕು. ಅದಷ್ಟೂ ಶಾಖವಾಗಿ ಹೊರಬರುತ್ತದೆ, ಚಿಪ್‌ನ ಆಯಸ್ಸೂ ಸವೆಯುತ್ತದೆ. ಹಾಗೆಂದು ತಾಪಮಾನ ಕಡಿಮೆ ಇದ್ದರೆ ಎಲ್ಲ ಸರಿ ಎಂದೂ ಅಲ್ಲ. ವೋಲ್ಟೇಜ್ ಸಾಲದ ಚಿಪ್ ತಣ್ಣಗಿದ್ದೂ ಲೆಕ್ಕ ತಪ್ಪಬಲ್ಲದು.

ಇನ್ನೊಂದು ತಪ್ಪು ತಿಳುವಳಿಕೆ ಕೋರ್‌ಗಳ ಬಗ್ಗೆ. ನಾಲ್ಕು ಕೋರ್ ಇವೆಯೆಂದು 2.4ನ್ನು ನಾಲ್ಕರಿಂದ ಗುಣಿಸಿ 9.6 ಗಿಗಾಹರ್ಟ್ಸ್ ಎನ್ನುವುದು ಶುದ್ಧ ತಪ್ಪು. ಒಂದೇ ಕೋರ್ ಬಳಸುವ ತಂತ್ರಾಂಶಕ್ಕೆ ಸಿಗುವುದು 2.4 ಮಾತ್ರ.

ಇನ್ನೊಂದು ವಿಷಯ: ಕ್ಯೂ6600ರಲ್ಲಿ ಬಸ್ ಏರಿಸಿದರೆ ಬಸ್ ಮತ್ತು ಮೆಮೊರಿ ವೇಗಗಳ ಅನುಪಾತ ಬದಲಿಸದ ಹೊರತು ರ‍್ಯಾಮ್‌ನ ವೇಗವೂ ಜೊತೆಗೇ ಏರುತ್ತದೆ. ಆದ್ದರಿಂದ ಪರೀಕ್ಷೆ ಸೋತ ಕೂಡಲೇ ಪ್ರೊಸೆಸರನ್ನು ದೂರಬೇಡಿ. ಪ್ರೈಮ್95ರಲ್ಲಿ ಪ್ರೊಸೆಸರನ್ನೇ ಹೆಚ್ಚು ದುಡಿಸುವ ಸ್ಮಾಲ್ ಎಫ್‌ಎಫ್‌ಟಿ ಪರೀಕ್ಷೆ ಗೆದ್ದು, ಮೆಮೊರಿಯನ್ನೂ ದುಡಿಸುವ ಬ್ಲೆಂಡ್ ಪರೀಕ್ಷೆ ಸೋತರೆ ಮೊದಲು ಮೆಮ್‌ಟೆಸ್ಟ್86ರಿಂದ ರ‍್ಯಾಮ್ ಪರೀಕ್ಷಿಸಿ. ಈ ಪರೀಕ್ಷೆಗಳೆಲ್ಲ ಮುಗಿಯುವವರೆಗೆ ಮನೆಯ ಫೋಟೋ, ಕಾಗದಪತ್ರಗಳ ಇನ್ನೊಂದು ಪ್ರತಿಯನ್ನು ಆ ಕಂಪ್ಯೂಟರಿನಿಂದ ಹೊರಗೆ ಇಟ್ಟಿರಿ.